ಯಾವ ದೇಶ ಅಂತ ಕೇಳುವ ಮುಂಚೆ: ಹೊರದೇಶದ ಶಾಲೆಗೆ ಹೊರಟವರಿಗೆ ಒಂದು ಹೋಲಿಕೆ

ವರ್ಷಕ್ಕೆ ಮೂರ್ನಾಲ್ಕು ಜನ ನಿಟ್ಟುವಳ್ಳಿಯ ನಮ್ಮ ಮನೆ ಹುಡುಕಿಕೊಂಡು ಬರುತ್ತಾರೆ. ಕೆಲವರು ಈಗಷ್ಟೇ ಬಿ.ಎಡ್ ಮುಗಿಸಿದವರು, ಕೆಲವರು ಹತ್ತು ವರ್ಷ ಇಲ್ಲೇ ದಾವಣಗೆರೆಯ ಖಾಸಗಿ ಶಾಲೆಗಳಲ್ಲಿ ದುಡಿದು ಸಂಬಳ ಏರದೆ ಬೇಸತ್ತವರು. ಕಾಫಿ ಲೋಟ ಕೈಗೆ ಬರುವ ಮುಂಚೆಯೇ ಪ್ರಶ್ನೆ ಬರುತ್ತದೆ: "ಅಕ್ಕಾ, ಯಾವ ದೇಶ ಒಳ್ಳೇದು?"

ನಾನು ಗಣಿತದ ಮೇಡಂ. ಆರು ವರ್ಷ ಶಾರ್ಜಾದ ಒಂದು ಸಿಬಿಎಸ್‌ಇ ಶಾಲೆಯಲ್ಲಿ, ಆಮೇಲೆ ಎರಡು ವರ್ಷ ವಿಯೆಟ್ನಾಂನ ಹೋ ಚಿ ಮಿನ್ ಸಿಟಿಯಲ್ಲಿ ಕೇಂಬ್ರಿಡ್ಜ್ ಪಠ್ಯ ಕಲಿಸುವ ಶಾಲೆಯಲ್ಲಿ ಇದ್ದು ಬಂದೆ. ಮೊದಲ ಸಲ ಹೊರಡುವಾಗ ನಾನೂ ಇದೇ ಪ್ರಶ್ನೆ ಕೇಳಿಕೊಂಡು ಓಡಾಡಿದ್ದೆ. ಈಗ ಬಂದವರಿಗೆ ನಾನೇ ಎರಡು ಪ್ರಶ್ನೆ ಕೇಳುತ್ತೇನೆ. ನಿಮ್ಮ ಜೊತೆ ಯಾರು ಬರುತ್ತಾರೆ? ಊರಲ್ಲಿ ಯಾರು ಉಳಿಯುತ್ತಾರೆ? ಒಂದೇ ಕೆಲಸ, ಒಂದೇ ಸಂಬಳ ಇದ್ದರೂ ಒಂಟಿ ಹುಡುಗಿಗೆ ಅದು ಲಾಭ, ಏಳನೇ ಕ್ಲಾಸಿನ ಮಗ ಇರುವವಳಿಗೆ ನಷ್ಟ. ಇದು ಗೊತ್ತಾಗುವಷ್ಟರಲ್ಲಿ ನನಗೆ ಐದಾರು ವರ್ಷ ಹೋಗಿತ್ತು.

ಮೊದಲು ಒಂದು ಗೊಂದಲ ಬಿಡಿಸಿಬಿಡೋಣ. ನಮ್ಮಲ್ಲಿ ಬೋರ್ಡ್ ಮೇಲೆ ಬರೆಸಿದರೆ ಸಾಕು, ಯಾವ ಶಾಲೆಯಾದರೂ "ಇಂಟರ್‌ನ್ಯಾಷನಲ್". ಹೊರದೇಶದಲ್ಲಿ ನಮ್ಮಂಥವರನ್ನು ಕರೆಯುವ ಶಾಲೆಗಳು ಮುಖ್ಯವಾಗಿ ಎರಡು ಥರ. ಒಂದು, ಅಲ್ಲಿರುವ ಭಾರತೀಯರ ಮಕ್ಕಳಿಗಾಗಿ ನಡೆಯುವ ಸಿಬಿಎಸ್‌ಇ ಶಾಲೆ. ಭಾರತದ ಹೊರಗೆ ಇಂಥವು 200ಕ್ಕೂ ಜಾಸ್ತಿ ಇವೆ, ಬಹುಪಾಲು ಗಲ್ಫ್‌ನಲ್ಲೇ. ಇನ್ನೊಂದು, ಇಂಗ್ಲೆಂಡಿನ ಕೇಂಬ್ರಿಡ್ಜ್ ಅಥವಾ ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್) ಅನ್ನುವ ಅಂತರರಾಷ್ಟ್ರೀಯ ಪಠ್ಯದ ಶಾಲೆ. ಅಲ್ಲಿ ನಾಲ್ಕಾರು ದೇಶದ ಮಕ್ಕಳು ಇರುತ್ತಾರೆ. ಹೆಸರು ಒಂದೇ ಆದರೂ ಇವೆರಡೂ ಬೇರೆ ಬೇರೆ ಕಸುಬು ಅಂತಲೇ ಹೇಳಬೇಕು.

ಗಲ್ಫ್‌ನ ಸಿಬಿಎಸ್‌ಇ ಶಾಲೆ

ಇಲ್ಲಿ ಪಾಠ ನಮ್ಮದೇ. ಅದೇ ಎನ್‌ಸಿಇಆರ್‌ಟಿ ಪುಸ್ತಕ, ಅದೇ ಬೋರ್ಡ್ ಪರೀಕ್ಷೆ, ಏಪ್ರಿಲ್‌ನಲ್ಲಿ ಶುರುವಾಗುವ ವರ್ಷ. ಸ್ಟಾಫ್ ರೂಮಿನಲ್ಲಿ ಮಲಯಾಳ ಜಾಸ್ತಿ, ಆಮೇಲೆ ಹಿಂದಿ, ತಮಿಳು. ಕನ್ನಡದವರು ಸಿಕ್ಕರೆ ಅವರು ಮಂಗಳೂರು, ಉಡುಪಿ ಕಡೆಯವರೇ ಆಗಿರುತ್ತಾರೆ. ಹೋಗಿ ಒಂದು ವಾರದಲ್ಲೇ ಕೆಲಸ ಕೈಗೆ ಕೂಡುತ್ತದೆ. ತಪಾಸಣೆ ಮಾತ್ರ ಬಿಗಿ. ದುಬೈನಲ್ಲಿ ಕೆಎಚ್‌ಡಿಎ, ಅಬುಧಾಬಿಯಲ್ಲಿ ಅಡೆಕ್ ಅಂತ ಸರ್ಕಾರಿ ಸಂಸ್ಥೆಗಳಿವೆ, ಅವು ಖಾಸಗಿ ಶಾಲೆಗಳನ್ನು ಅಳೆದು ರೇಟಿಂಗ್ ಕೊಡುತ್ತವೆ. ಅವರು ಬರುವ ತಿಂಗಳು ಬಂತೆಂದರೆ ನೋಟ್‌ಬುಕ್ ತಿದ್ದಿ ತಿದ್ದಿ ಕೈ ಸೋತುಹೋಗುತ್ತದೆ. ಇದರಿಂದ ನಿಮಗೂ ಒಂದು ಉಪಯೋಗ ಇದೆ. ದುಬೈನ ಶಾಲೆಗಳ ರೇಟಿಂಗ್, ಫೀಸ್ ಎರಡನ್ನೂ ಯಾರು ಬೇಕಾದರೂ ನೋಡಬಹುದು. ಮಕ್ಕಳಿಂದ ಕಮ್ಮಿ ಫೀಸ್ ತಗೊಳ್ಳುವ ಶಾಲೆ ನಿಮಗೆ ಜಾಸ್ತಿ ಸಂಬಳ ಎಲ್ಲಿಂದ ಕೊಡುತ್ತೆ, ಅಲ್ವಾ? ಇಂಟರ್‌ವ್ಯೂಗೆ ಕೂರುವ ಮುಂಚೆ ಅದನ್ನು ನೋಡಿ.

ಯುಎಇಯಲ್ಲಿ ಸಂಬಳದ ಮೇಲೆ ಆದಾಯ ತೆರಿಗೆ ಇಲ್ಲ. ದಿರ್ಹಂ 1997ರಿಂದ ಡಾಲರ್‌ಗೆ 3.6725ರ ದರದಲ್ಲಿ ಕಟ್ಟಿಹಾಕಿಕೊಂಡಿದೆ, ಹಾಗಾಗಿ ರೂಪಾಯಿ ಇಳಿದಷ್ಟೂ ನೀವು ಊರಿಗೆ ಕಳಿಸುವ ದುಡ್ಡು ಉಬ್ಬುತ್ತದೆ. ಇದಿಷ್ಟು ಎಲ್ಲರಿಗೂ ಗೊತ್ತು. ಗೊತ್ತಿಲ್ಲದೆ ಸೈನ್ ಹಾಕುವುದು ಬೇಸಿಕ್, ಅಂದರೆ ಮೂಲ ಸಂಬಳದ ವಿಷಯದಲ್ಲಿ.

ಆಫರ್ ಲೆಟರ್‌ನಲ್ಲಿ ಒಟ್ಟು 5,000 ದಿರ್ಹಂ ಅಂತ ಇದೆ ಅಂದುಕೊಳ್ಳಿ. ಒಂದು ಶಾಲೆ ಬೇಸಿಕ್ 4,000 ಬರೆದು ಉಳಿದದ್ದನ್ನು ಅಲೋಯನ್ಸ್ ಅನ್ನುತ್ತದೆ, ಇನ್ನೊಂದು ಬೇಸಿಕ್ 2,500 ಬರೆಯುತ್ತದೆ. ತಿಂಗಳ ಕೊನೆಗೆ ಕೈಗೆ ಬರುವುದು ಎರಡರಲ್ಲೂ ಒಂದೇ. ಆದರೆ ಬಿಡುವಾಗ ಸಿಗುವ ಗ್ರಾಚ್ಯುಟಿಯ ಲೆಕ್ಕ ಬೇಸಿಕ್ ಮೇಲೆ ನಡೆಯುತ್ತದೆ: ಒಂದು ವರ್ಷವಾದರೂ ತುಂಬಿರಬೇಕು, ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಬೇಸಿಕ್, ಆಮೇಲೆ ವರ್ಷಕ್ಕೆ 30 ದಿನದ್ದು. ಆರು ವರ್ಷ ದುಡಿದರೆ 4,000 ಬೇಸಿಕ್‌ನವರಿಗೆ 18,000 ದಿರ್ಹಂ, 2,500ರವರಿಗೆ 11,250. ಗಣಿತದ ಮೇಡಂ ಆಗಿಯೂ ನಾನು ಎರಡನೇ ಸಾಲಿನಲ್ಲಿ ನಿಂತವಳು, ನಗಬೇಡಿ. ಗಲ್ಫ್‌ನಲ್ಲಿ ನಮ್ಮಂಥವರಿಗೆ ಪೆನ್ಷನ್ ಅನ್ನೋದು ಇಲ್ಲ, ಈ ಗ್ರಾಚ್ಯುಟಿಯೇ ಎಲ್ಲ.

ಎರಡನೇ ಪೆಟ್ಟು "ವಸತಿ ಉಚಿತ" ಅನ್ನುವ ಸಾಲು. ನಮ್ಮ ಶಾಲೆ ಕೊಟ್ಟಿದ್ದು ಎರಡು ರೂಮಿನ ಫ್ಲ್ಯಾಟ್, ಐದು ಜನ ಮೇಡಂಗಳು, ಒಂದು ಅಡುಗೆಮನೆ. ಒಂದು ಒಲೆ ಮೇಲೆ ಮೀನು, ಪಕ್ಕದಲ್ಲಿ ನನ್ನ ಜೋಳದ ರೊಟ್ಟಿ. ಒಂಟಿಯಾಗಿದ್ದ ಎರಡು ವರ್ಷ ಅದೂ ಒಂಥರ ಚೆನ್ನಾಗಿತ್ತು, ದುಡ್ಡು ಉಳೀತು, ಗೆಳತಿಯರು ಸಿಕ್ಕರು. ಮಗನನ್ನು ಕರೆಸಿಕೊಂಡ ದಿನ ಆ ಫ್ಲ್ಯಾಟ್ ಕೈ ತಪ್ಪಿತು, ಅಲ್ಲಿ ಕುಟುಂಬಕ್ಕೆ ಜಾಗ ಇಲ್ಲ ಅಂದರು. ಹೊರಗೆ ಮನೆ ಹಿಡಿಯಬೇಕಾದರೆ ವರ್ಷದ ಬಾಡಿಗೆಗೆ ಮುಂದಿನ ತಾರೀಕಿನ ಚೆಕ್ ಬರೆದುಕೊಡಬೇಕು. ಅಲ್ಲಿಂದ ಉಳಿತಾಯ ಅರ್ಧಕ್ಕೆ ಬಂತು. ಅದಕ್ಕೇ ಕೇಳಿ: ವಸತಿ ಬೇಡ ಅಂದರೆ ಅದರ ಬದಲು ದುಡ್ಡು ಕೊಡುತ್ತೀರಾ? ಎಷ್ಟು? ಮಕ್ಕಳ ಫೀಸಿನಲ್ಲಿ ಎಷ್ಟು ಬಿಡುತ್ತೀರಿ? ಎಷ್ಟು ಮಕ್ಕಳಿಗೆ?

ಮನೆಯವರನ್ನು ಕರೆಸಿಕೊಳ್ಳಲು ತಿಂಗಳಿಗೆ 4,000 ದಿರ್ಹಂ ಸಂಬಳ ಇರಬೇಕು, ಇಲ್ಲವೇ 3,000 ಸಂಬಳದ ಜೊತೆ ಮನೆ ಇರಬೇಕು. ನಮ್ಮ ಮನೆಯವರು ಬಂದರು. ಪಿ.ಬಿ. ರಸ್ತೆಯಲ್ಲಿ ಬೈಕ್ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟು ದಿನಕ್ಕೆ ನೂರು ಜನರ ಹತ್ತಿರ ಮಾತಾಡಿ ರೂಢಿ ಇದ್ದ ಮನುಷ್ಯ, ಹನ್ನೊಂದನೇ ಮಹಡಿಯ ಮನೆಯಲ್ಲಿ ಎಂಟು ತಿಂಗಳು ಕೂತು, ಒಂದಿನ ಸುಮ್ನೆ ಟಿಕೆಟ್ ಮಾಡಿಸಿಕೊಂಡು ಊರಿಗೆ ಹೋದರು. ಜಗಳ ಏನೂ ಇಲ್ಲ. ಕೆಲಸ ಇಲ್ಲದೆ ಕೂರುವುದು ಅವರಿಗೆ ಆಗಲಿಲ್ಲ, ಅಷ್ಟೇ. ಸಂಬಳದ ಲೆಕ್ಕ ಹಾಕುವವರು ಗಂಡನೋ ಹೆಂಡತಿಯೋ ಅಲ್ಲಿ ಬಂದು ಹಗಲೆಲ್ಲ ಏನು ಮಾಡುತ್ತಾರೆ ಅನ್ನುವುದನ್ನೂ ಲೆಕ್ಕದಲ್ಲಿ ಸೇರಿಸಬೇಕು.

ಮನೆಪಾಠ ಮಾಡಿ ಸರಿದೂಗಿಸುತ್ತೇನೆ ಅನ್ನುವವರಿಗೆ ಒಂದು ಮಾತು. ಕದ್ದುಮುಚ್ಚಿ ಮಾಡಿದರೆ ದಂಡ ಬೀಳುತ್ತದೆ. 2023ರ ಡಿಸೆಂಬರ್‌ನಿಂದ ಯುಎಇಯಲ್ಲಿ ಖಾಸಗಿ ಪಾಠಕ್ಕೆ ಅಂತಲೇ ಪರ್ಮಿಟ್ ಬಂದಿದೆ, ಅದಕ್ಕೆ ಶುಲ್ಕ ಇಲ್ಲ. ಅದನ್ನು ಮಾಡಿಸಿಕೊಂಡು ಧೈರ್ಯವಾಗಿ ಪಾಠ ಮಾಡಿ.

ಕೇಂಬ್ರಿಡ್ಜ್, ಐಬಿ ಶಾಲೆಗಳು

ವಿಯೆಟ್ನಾಂ, ಥಾಯ್ಲೆಂಡ್, ಮಲೇಷ್ಯಾ, ಚೀನಾ, ಗಲ್ಫ್‌ನಲ್ಲೂ ದೊಡ್ಡ ಫೀಸಿನ ಶಾಲೆಗಳು ಈ ಪೈಕಿ. ಸಂಬಳ ಒಳ್ಳೇದು, ಮನೆ ಬಾಡಿಗೆಗೆ ಬೇರೆ, ವರ್ಷಕ್ಕೊಂದು ಟಿಕೆಟ್. ನನ್ನ ಕ್ಲಾಸಿನಲ್ಲಿ 19 ಮಕ್ಕಳು. ದಾವಣಗೆರೆಯಲ್ಲಿ 60 ಮಕ್ಕಳಿಗೆ ಪಾಠ ಮಾಡಿದವಳಿಗೆ ಮೊದಲ ದಿನ ರಜೆಯ ಹಾಗೆ ಅನ್ನಿಸಿತು. ಎರಡನೇ ವಾರ ಅಳು ಬಂತು.

ಯಾಕೆಂದರೆ ಬೋರ್ಡ್ ತುಂಬ ಲೆಕ್ಕ ಬಿಡಿಸಿ "ಬರ್ಕೊಳ್ಳಿ" ಅನ್ನುವ ಪಾಠ ಅಲ್ಲಿ ನಡೆಯುವುದಿಲ್ಲ. ಮಗು "ಇದು ಯಾಕೆ ಹೀಗೆ" ಅಂದರೆ ಆ ದಿನದ ಪಾಠ ಆ ಪ್ರಶ್ನೆಯ ಹಿಂದೆ ಹೋಗಬೇಕು. ಐಬಿ ಡಿಪ್ಲೊಮಾದ ಗಣಿತದಲ್ಲಿ 20 ಶೇಕಡಾ ಅಂಕ ಮಗುವೇ ಒಂದು ವಿಷಯ ಆರಿಸಿಕೊಂಡು ಬರೆಯುವ ಎಕ್ಸ್‌ಪ್ಲೊರೇಷನ್‌ಗೆ ಹೋಗುತ್ತದೆ, ಅದನ್ನು ಬರೆದುಕೊಡದೆ ದಾರಿ ಮಾತ್ರ ತೋರಿಸುವುದು ನಮ್ಮಲ್ಲಿ ತಯಾರಾದವರಿಗೆ ತುಂಬ ಕಷ್ಟ, ಕೈ ತಾನಾಗಿ ಪೆನ್ನಿನ ಕಡೆ ಹೋಗುತ್ತದೆ. ನೋಟ್‌ಬುಕ್ ತಿದ್ದುವುದು ಕಮ್ಮಿ. ಯೂನಿಟ್ ಪ್ಲಾನ್, ಒಂದೊಂದು ಮಗುವಿನ ಬಗ್ಗೆ ಉದ್ದುದ್ದ ವರದಿ, ಅಪ್ಪ ಅಮ್ಮಂದಿರ ಈಮೇಲ್, ಇವು ಜಾಸ್ತಿ. ಆದರೂ ಹೇಳುತ್ತೇನೆ, ಶಿಕ್ಷಕಿಯಾಗಿ ನಾನು ಬೆಳೆದಿದ್ದು ಆ ಎರಡು ವರ್ಷದಲ್ಲೇ.

ದುಡ್ಡಿನ ವಿಷಯದಲ್ಲಿ ಗಲ್ಫ್ ಥರ ಅಲ್ಲ, ತೆರಿಗೆ ಇದೆ. ವಿಯೆಟ್ನಾಂನಲ್ಲಿ ಸಂಬಳ ಏರಿದಂತೆ ದರ ಏರಿ 35 ಶೇಕಡಾದವರೆಗೆ ಹೋಗುತ್ತದೆ. ಆಫರ್ ಬಂದಾಗ ಹೇಳಿದ ಮೊತ್ತ ತೆರಿಗೆಗೆ ಮುಂಚಿನದೋ, ಕಳೆದ ಮೇಲಿನದೋ ಅಂತ ಬರವಣಿಗೆಯಲ್ಲಿ ಕೇಳಿ.

ಇನ್ನೊಂದು ಕಹಿ ಸತ್ಯ ಪಾಸ್‌ಪೋರ್ಟ್‌ದು. ಇಂಗ್ಲಿಷ್ ಕಲಿಸುವ ಕೆಲಸಕ್ಕೆ ಅಮೆರಿಕ, ಬ್ರಿಟನ್ ಪಾಸ್‌ಪೋರ್ಟ್ ಇದ್ದವರನ್ನೇ ಹುಡುಕುವ ದೇಶಗಳಿವೆ, ಚೀನಾದಲ್ಲಿ ವೀಸಾ ಸಿಗುವುದೇ ಅದರ ಮೇಲೆ. ನಮ್ಮವರಿಗೆ ಬಾಗಿಲು ತೆರೆಯುವುದು ಗಣಿತ, ಫಿಸಿಕ್ಸ್, ಕೆಮಿಸ್ಟ್ರಿ, ಕಂಪ್ಯೂಟರ್. ಬ್ರಿಟಿಷ್ ಶಾಲೆಗಳು ಕೇಳುವ ಕ್ಯುಟಿಎಸ್ ಅನ್ನುವ ಇಂಗ್ಲೆಂಡಿನ ಅರ್ಹತೆ ಇದೆಯಲ್ಲ, ಅದಕ್ಕೆ 2023ರ ಫೆಬ್ರವರಿಯಿಂದ ಭಾರತದ ಶಿಕ್ಷಕರೂ ಅರ್ಜಿ ಹಾಕಬಹುದು. 11ರಿಂದ 16 ವಯಸ್ಸಿನ ಮಕ್ಕಳಿಗೆ ಗಣಿತ, ವಿಜ್ಞಾನ ಅಥವಾ ಭಾಷೆ ಕಲಿಸುವವರಿಗೆ ಮಾತ್ರ. ಅರ್ಜಿಗೆ ಫೀಸ್ ಇಲ್ಲ. ಆ ಒಂದು ಕಾಗದ ಕೈಲಿದ್ದರೆ ಇಂಟರ್‌ವ್ಯೂನಲ್ಲಿ ಮಾತಿನ ಧಾಟಿಯೇ ಬದಲಾಗುತ್ತದೆ.

ಊಟದ ಬಗ್ಗೆ ಎಲ್ಲರೂ ಕೇಳುತ್ತಾರೆ. ಶಾರ್ಜಾದಲ್ಲಿ ಚಿಂತೆಯೇ ಇಲ್ಲ, ಮಂಡಕ್ಕಿಗೂ ಒಗ್ಗರಣೆ ಹಾಕಬಹುದು. ವಿಯೆಟ್ನಾಂನಲ್ಲಿ ಮೀನಿನ ಸಾಸ್ ಎಲ್ಲದರಲ್ಲೂ ಬೀಳುತ್ತದೆ, ಸೊಪ್ಪಿನ ಪಲ್ಯದಲ್ಲೂ. ಒಂದು ಪದ ಕಲಿತುಕೊಂಡರೆ ಬದುಕಬಹುದು: "ಚಾಯ್", ಅಂದರೆ ಸಸ್ಯಾಹಾರ. ಚಾಂದ್ರಮಾನದ ಪಾಡ್ಯ, ಹುಣ್ಣಿಮೆಗೆ ಅಲ್ಲಿ ಬೌದ್ಧರು ಮಾಂಸ ಬಿಡುತ್ತಾರೆ, ಆ ದಿನ ಬೀದಿ ಬೀದಿಯಲ್ಲೂ ಚಾಯ್ ಊಟ. ಉಳಿದ ದಿನಕ್ಕೆ ಜೋಳದ ಹಿಟ್ಟು, ಶೇಂಗಾ ಚಟ್ನಿಪುಡಿ ಸೂಟ್‌ಕೇಸಿನಲ್ಲಿ ಇರಲಿ.

ದೂರ ಅನ್ನುವುದು ನಿಜವಾಗಿ ತಿಳಿಯುವುದು ಫೋನ್ ಬಂದ ದಿನ. ಶಾರ್ಜಾದಲ್ಲಿದ್ದಾಗ ನಮ್ಮ ಮಾವ ಹೋದರು. ಮಧ್ಯಾಹ್ನ ಫೋನ್ ಬಂತು, ರಾತ್ರಿ ವಿಮಾನ, ಬೆಂಗಳೂರಿಗೆ ನಾಲ್ಕು ತಾಸು, ಅಲ್ಲಿಂದ ಸುಮಾರು 260 ಕಿಲೋಮೀಟರ್ ಕಾರು, ಬೆಳಿಗ್ಗೆ ಮನೆ ಮುಂದೆ ಇದ್ದೆ. ವಿಯೆಟ್ನಾಂನಲ್ಲಿದ್ದಾಗ ನನ್ನ ಅಪ್ಪ. ಸಿಕ್ಕ ಟಿಕೆಟ್‌ನಲ್ಲಿ ಎರಡು ಕಡೆ ವಿಮಾನ ಬದಲಿಸಬೇಕಿತ್ತು. ನಾನು ಬರುವಷ್ಟರಲ್ಲಿ ಮಣ್ಣು ಮುಗಿದಿತ್ತು. ಊರಲ್ಲಿ ಎಪ್ಪತ್ತು ದಾಟಿದವರು ಇದ್ದು ನೋಡಿಕೊಳ್ಳುವ ಇನ್ನೊಬ್ಬರು ಇಲ್ಲದವರಿಗೆ ನಾನು ಗಲ್ಫ್ ದಾಟಿ ಹೋಗಿ ಅಂತ ಹೇಳುವುದಿಲ್ಲ.

ಮಾಲ್ಡೀವ್ಸ್, ಮತ್ತೆ ಬೆಂಗಳೂರು

ಮಾಲ್ಡೀವ್ಸ್ ಬಗ್ಗೆ ಚುಟುಕಾಗಿ. ನಮ್ಮವರು ಅಲ್ಲಿ ಬಹಳ ವರ್ಷದಿಂದ ಪಾಠ ಮಾಡುತ್ತಿದ್ದಾರೆ, ಹತ್ತಿರದ ದೇಶ. ಆದರೆ ಪೋಸ್ಟಿಂಗ್ ಮಾಲೆಯಿಂದ ದೂರದ ಒಂದು ಸಣ್ಣ ದ್ವೀಪಕ್ಕೆ ಆದರೆ ಅರ್ಧ ತಾಸಿನಲ್ಲಿ ಊರೆಲ್ಲ ಸುತ್ತಿ ಮುಗಿಯುತ್ತದೆ. ಪೂಜೆಯ ವಿಗ್ರಹ ಒಳಗೆ ತರುವಂತಿಲ್ಲ. ಒಂಟಿಯಾಗಿ ಹೋಗಿ ಎರಡು ವರ್ಷ ದುಡ್ಡು ಕೂಡಿಸಿ ಬರುತ್ತೇನೆ, ಸಮುದ್ರ ನೋಡಿಕೊಂಡು ಇರಬಲ್ಲೆ ಅನ್ನುವವರಿಗೆ ಸರಿ.

ಯಾರೂ ಲೆಕ್ಕಕ್ಕೆ ತಗೊಳ್ಳದ ದಾರಿ ಬೆಂಗಳೂರಿನದು. ವೈಟ್‌ಫೀಲ್ಡ್, ದೇವನಹಳ್ಳಿ ಕಡೆ ಐಬಿ, ಕೇಂಬ್ರಿಡ್ಜ್ ಶಾಲೆಗಳು ಇವೆ. ಹೊರದೇಶದ ಒಳ್ಳೆ ಶಾಲೆಗಳು ಮೊದಲು ಕೇಳುವುದೇ "ಈ ಪಠ್ಯ ಕಲಿಸಿದ ಅನುಭವ ಇದೆಯಾ" ಅಂತ. ಇಲ್ಲದಿದ್ದರೆ ಅರ್ಜಿ ಪಕ್ಕಕ್ಕೆ. ಇಲ್ಲಿ ಎರಡು ಮೂರು ವರ್ಷ ಮಾಡಿ ಹೋದವರಿಗೆ ನಾನು ಎರಡನೇ ವಾರ ಅತ್ತ ಅಳು ಇರುವುದಿಲ್ಲ. ಬಾಡಿಗೆ ಜಾಸ್ತಿ, ತೆರಿಗೆ ಇದೆ, ಉಳಿತಾಯ ಹೆಚ್ಚೇನೂ ಆಗುವುದಿಲ್ಲ, ನಿಜ. ಆದರೆ ಶನಿವಾರ ರೈಲು ಹತ್ತಿದರೆ ರಾತ್ರಿ ಅಮ್ಮನ ಕೈ ಊಟ. ಮೂವತ್ತರ ಒಳಗಿನವರಿಗೆ ನಾನು ಇದನ್ನೇ ಮೊದಲು ಹೇಳುತ್ತೇನೆ. ಕೇಳಿಸಿಕೊಂಡು ಮುಖ ಸಪ್ಪೆ ಮಾಡಿಕೊಳ್ಳುತ್ತಾರೆ, ಪರವಾಗಿಲ್ಲ.

ಮಕ್ಕಳಿದ್ದರೆ ಈ ಭಾಗ ಎರಡು ಸಲ ಓದಿ

ನಮ್ಮ ಊರು ಕಾಲೇಜುಗಳ ಊರು. ಮೆಡಿಕಲ್, ಡೆಂಟಲ್, ಇಂಜಿನಿಯರಿಂಗ್ ಎಲ್ಲ ಇಲ್ಲೇ. ಹೊರದೇಶಕ್ಕೆ ಹೋದವರೂ ಮಕ್ಕಳ ಸೀಟು ಮಾತ್ರ ಇಲ್ಲೇ ಅಂತ ಮನಸ್ಸಲ್ಲಿ ಇಟ್ಟುಕೊಂಡಿರುತ್ತಾರೆ. ಆದರೆ ಸಿಇಟಿಯ ನಿಯಮ ಹೋಗುವ ಮುಂಚೆ ಯಾರೂ ಓದುವುದಿಲ್ಲ. ಕರ್ನಾಟಕದ ಸೀಟಿಗೆ ಸಾಮಾನ್ಯವಾಗಿ ಎಲ್ಲರೂ ಹೋಗುವ ಕಲಂ ಪ್ರಕಾರ, ಮಗು ಒಂದನೇ ತರಗತಿಯಿಂದ ಎರಡನೇ ಪಿಯುಸಿವರೆಗೆ ಕನಿಷ್ಠ 7 ವರ್ಷ ಕರ್ನಾಟಕದ ಶಾಲೆ ಕಾಲೇಜಿನಲ್ಲಿ ಓದಿರಬೇಕು, ಜೊತೆಗೆ ಹತ್ತನೇ ತರಗತಿ ಇಲ್ಲವೇ ಹನ್ನೆರಡನ್ನು ಇಲ್ಲಿಂದ ಪಾಸಾಗಿರಬೇಕು. ನೀಟ್ ಬರೆದು ರಾಜ್ಯ ಕೋಟಾದ ಮೆಡಿಕಲ್ ಸೀಟು ಕೇಳುವವರಿಗೂ ಇದೇ. ಬೇರೆ ಕಲಂಗಳೂ ಇವೆ, ನಿಮಗೆ ಯಾವುದಾದರೂ ಹೊಂದುತ್ತದಾ ಅಂತ ಸಿಇಟಿ ನಡೆಸುವ ಕೆಇಎಯ ಮಾಹಿತಿ ಪುಸ್ತಕದಲ್ಲಿ ನೋಡಿ.

ಹನ್ನೆರಡರಲ್ಲಿ ಏಳು ಇಲ್ಲಿ ಅಂದರೆ, ಹೊರಗೆ ಐದೇ ವರ್ಷ.

ನನ್ನ ಮಗ ಒಂದು, ಎರಡನೇ ಕ್ಲಾಸು ಇಲ್ಲಿ ಅಜ್ಜಿ ಹತ್ತಿರ ಇದ್ದು ಓದಿದ. ಮೂರರಿಂದ ಆರು ಶಾರ್ಜಾ. ಏಳನೇದು ವಿಯೆಟ್ನಾಂ. ಆ ವರ್ಷ ನಮ್ಮ ಮನೆಯವರು ಅಂಗಡಿಗೆ ಬಂದ ಒಬ್ಬ ಗಿರಾಕಿಯ ಹತ್ತಿರ ಮಾತಾಡುವಾಗ ಈ ನಿಯಮ ಕೇಳಿ ರಾತ್ರಿ ಫೋನ್ ಮಾಡಿದರು, ಇಬ್ಬರೂ ಬೆರಳು ಎಣಿಸಿದೆವು, ಐದು ಅಲ್ಲಿಗೆ ಮುಗಿದಿತ್ತು. ಎಂಟನೇ ಕ್ಲಾಸಿಗೆ ಅವನನ್ನು ಊರಿಗೆ ಕಳಿಸಿ ಒಪ್ಪಂದದ ಉಳಿದ ವರ್ಷ ನಾನೊಬ್ಬಳೇ ಅಲ್ಲಿದ್ದೆ. ಮೊದಲೇ ಗೊತ್ತಿದ್ದರೆ ವಿಯೆಟ್ನಾಂ ಮೊದಲು ಮಾಡಿ ಶಾರ್ಜಾ ಆಮೇಲೆ ಮಾಡುತ್ತಿದ್ದೆ. ಕೇಂಬ್ರಿಡ್ಜ್ ಪಠ್ಯದಿಂದ ಬಂದ ಹುಡುಗನಿಗೆ ಇಲ್ಲಿಯ ವಿಜ್ಞಾನ ಸಮಾಜ ಹಿಡಿಯಲು ಒಂದು ವರ್ಷ ಬೇಕಾಯಿತು. ಸಿಬಿಎಸ್‌ಇಯಿಂದ ನೇರ ಬಂದಿದ್ದರೆ ಆ ಕಷ್ಟ ಇರುತ್ತಿರಲಿಲ್ಲ. ಕನ್ನಡವೂ ಹಾಗೇ. ದುಬೈನಲ್ಲಿ ರಜೆದಿನ ಕನ್ನಡ ಪಾಠಶಾಲೆ ನಡೆಸುವ ನಮ್ಮವರಿದ್ದಾರೆ, ಮಗುವನ್ನು ಕಳಿಸಿ.

ಕಾಗದ, ಏಜೆಂಟ್, ತಾರೀಕು

ನಿಮ್ಮ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಮುಂದೆ ಬರೀ ಇನಿಷಿಯಲ್ ಇದ್ದು ಪಾಸ್‌ಪೋರ್ಟ್‌ನಲ್ಲಿ ಅದು ಬಿಡಿಸಿ ಬರೆದಿದ್ದರೆ ಇವತ್ತೇ ಸರಿಮಾಡಿಸಲು ಶುರು ಮಾಡಿ, ನಮ್ಮ ಕಡೆಯ ಅರ್ಧ ಜನ ಸಿಕ್ಕಿಬೀಳುವುದು ಇಲ್ಲೇ. ದಾವಣಗೆರೆ ವಿಶ್ವವಿದ್ಯಾಲಯ ಆಗಿದ್ದು 2009ರಲ್ಲಿ, ಅದಕ್ಕೂ ಮುಂಚೆ ಡಿಗ್ರಿ ಮಾಡಿದವರ ಕಾಗದ ಕುವೆಂಪು ವಿಶ್ವವಿದ್ಯಾಲಯದ್ದು, ಪರಿಶೀಲನೆಗೆ ಶಂಕರಘಟ್ಟಕ್ಕೆ ಓಡಾಟ ಇದ್ದೇ ಇದೆ. ಯುಎಇಗೆ ಅಪೊಸ್ಟಿಲ್, ಅಂದರೆ ಹಲವು ದೇಶಗಳು ಒಪ್ಪುವ ಒಂದೇ ದೃಢೀಕರಣ ಮುದ್ರೆ, ನಡೆಯುವುದಿಲ್ಲ. ರಾಜ್ಯ ಸರ್ಕಾರ, ವಿದೇಶಾಂಗ ಸಚಿವಾಲಯ, ಆಮೇಲೆ ಅವರ ರಾಯಭಾರ ಕಚೇರಿ ಅಂತ ಒಂದರ ಮೇಲೊಂದು ಮುದ್ರೆ ಬೀಳಬೇಕು. ಬಿ.ಎಡ್ ಅಂಚೆ ತೆರಪಿನದಾಗಿದ್ದರೆ ಶಾಲೆಗೆ ಮೊದಲೇ ಹೇಳಿಬಿಡಿ, ಆಮೇಲೆ ಗೊತ್ತಾದರೆ ತೊಂದರೆ.

ಏಜೆಂಟ್ ಲಕ್ಷ ಕೇಳಿದರೆ ಎದ್ದು ಬನ್ನಿ. ನೋಂದಣಿ ಇರುವ ಏಜೆಂಟ್ ತಗೊಳ್ಳಬಹುದಾದದ್ದು ಹೆಚ್ಚೆಂದರೆ 30,000 ರೂಪಾಯಿ ಮತ್ತು ಜಿಎಸ್‌ಟಿ. ಅವರ ನೋಂದಣಿ ಇದೆಯಾ ಅಂತ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಡಬಹುದು. "ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಬದಲಿಸೋಣ" ಅಂದವರ ಮಾತು ಕೇಳಲೇಬೇಡಿ. ಅಲ್ಲಿ ಪಾಸ್‌ಪೋರ್ಟ್ ಇಟ್ಟುಕೊಳ್ಳುತ್ತೇವೆ ಅಂದರೆ ಅದು ಯುಎಇಯಲ್ಲೂ ಕಾನೂನುಬಾಹಿರ.

ಹೊರಡುವ ತಾರೀಕಿಗೂ ಬೆಲೆ ಇದೆ. ಆ ಆರ್ಥಿಕ ವರ್ಷದಲ್ಲಿ ಭಾರತದಲ್ಲಿ ಇದ್ದದ್ದು 182 ದಿನ ಮುಟ್ಟದಿದ್ದರೆ ನೀವು ಅನಿವಾಸಿ, ಅಲ್ಲಿಯ ಸಂಬಳಕ್ಕೆ ಇಲ್ಲಿ ತೆರಿಗೆ ಇಲ್ಲ. ಏಪ್ರಿಲ್‌ಗೋ ಆಗಸ್ಟ್‌ಗೋ ಸೇರುವವರಿಗೆ ತೊಂದರೆ ಇಲ್ಲ, ನವೆಂಬರ್‌ನಲ್ಲಿ ಹೊರಟರೆ ಲೆಕ್ಕ ಬೇರೆ. ಬ್ಯಾಂಕಿನಲ್ಲಿ ಅನಿವಾಸಿಗಳ ಎನ್‌ಆರ್‌ಇ ಖಾತೆ ತೆಗೆಯಿರಿ, ಅದರ ಬಡ್ಡಿಗೂ ತೆರಿಗೆ ಇಲ್ಲ. ಐಬಿ, ಕೇಂಬ್ರಿಡ್ಜ್ ಶಾಲೆಗಳು ಆಗಸ್ಟ್‌ಗೆ ಬೇಕಾದವರನ್ನು ಹಿಂದಿನ ಅಕ್ಟೋಬರ್‌ನಿಂದಲೇ ಹುಡುಕುತ್ತವೆ, ಮೇ ತಿಂಗಳಲ್ಲಿ ಎದ್ದು ಕೂತರೆ ಉಳಿದದ್ದು ಸಿಗುತ್ತದೆ.

ಗಂಡ ಹೆಂಡತಿ ಇಬ್ಬರೂ ಶಿಕ್ಷಕರಾಗಿದ್ದರೆ ನಿಮ್ಮಷ್ಟು ಅದೃಷ್ಟವಂತರು ಇಲ್ಲ, ಶಾಲೆಗೆ ಒಂದು ಮನೆ ಕೊಟ್ಟರೆ ಇಬ್ಬರು ಸಿಗುತ್ತಾರೆ ಅಂತ ಖುಷಿ, ನಿಮಗೆ ಎರಡು ಸಂಬಳ ಒಂದು ಬಾಡಿಗೆ. ಸರ್ಕಾರಿ ಶಾಲೆಯಲ್ಲಿ ಇರುವವರು, ಅದೂ ನಲವತ್ತು ದಾಟಿದವರು ಬಂದು ಕೇಳಿದರೆ ನಾನು ಕಾಫಿ ಕೊಟ್ಟು ವಾಪಸ್ ಕಳಿಸುತ್ತೇನೆ. ಗಲ್ಫ್‌ನ ಸಿಬಿಎಸ್‌ಇ ಶಾಲೆಯ ಸಂಬಳ ಆ ನೌಕರಿಗೆ ಸಮ ಅಲ್ಲ.

ಹೋದ ತಿಂಗಳು ಹರಿಹರದಿಂದ ಒಂದು ಜೋಡಿ ಬಂದಿತ್ತು. ಅವರು ಫಿಸಿಕ್ಸ್, ಅವಳು ಕಂಪ್ಯೂಟರ್, ಮಗಳು ಯುಕೆಜಿ. ಅವಳ ಅತ್ತೆ ಮಾವ ಇನ್ನೂ ಗಟ್ಟಿ ಇದ್ದಾರೆ, ಮೈದುನ ಊರಲ್ಲೇ ಇದ್ದಾನೆ. ಕೈಯಲ್ಲಿ ಎರಡು ಆಫರ್, ಒಂದು ಮಸ್ಕತ್‌ನ ಸಿಬಿಎಸ್‌ಇ ಶಾಲೆಯದು, ಇನ್ನೊಂದು ಬ್ಯಾಂಕಾಕ್‌ನದು. ಬ್ಯಾಂಕಾಕ್‌ಗೆ ಮೊದಲು ಹೋಗಿ ಅಂದೆ. ಅವಳು ಡೈರಿ ತೆಗೆದು ಮಗಳ ಹೆಸರು ಬರೆದು ಅದರ ಮುಂದೆ ಐದು ಗೀಟು ಹಾಕಿಕೊಂಡಳು.